ಗಾಳ ಹಿಡಿದ ಚಕ್ರವರ್ತಿ: ಮೂರನೇ ಸೋಮೇಶ್ವರ

ಮೂರನೇ ಸೋಮೇಶ್ವರ ಅಂದ ತಕ್ಷಣ ನಮಗೆಲ್ಲ ಹೈಸ್ಕೂಲಿನ ಸಮಾಜ ವಿಜ್ಞಾನ ಪುಸ್ತಕದ ಒಂದೇ ಸಾಲು ನೆನಪಾಗುತ್ತೆ. ಮಾನಸೋಲ್ಲಾಸ ಬರೆದವನು, ಬಿರುದು ಸರ್ವಜ್ಞ ಚಕ್ರವರ್ತಿ. ಒಂದು ಅಂಕದ ಪ್ರಶ್ನೆ ಅದು, ಬರೆದ ಮೇಲೆ ಮರೆತುಬಿಡೋದೇ. ಆಮೇಲೆ ಅವನು ಮತ್ತೆ ಸಿಕ್ಕಿದ್ದು ಫೋನಿನಲ್ಲಿ, ಇಡ್ಲಿ ದೋಸೆಯ ಚರಿತ್ರೆ ಹೇಳುವ ರೀಲ್ಸ್‌ನಲ್ಲಿ. ಈ ಸಲ ನಾವು ಬರೆಯಹೊರಟಿರೋದು ಇನ್ನೊಂದು ಬಗೆಯ ರೀಲಿನ ಬಗ್ಗೆ. ಗಾಳಕ್ಕೆ ಕಟ್ಟುವ ರೀಲು.

ವಿಷಯ ಹೀಗೆ. ಆಳ ಸಮುದ್ರದಲ್ಲಿ ಜಿಗ್ ಹಾಕಿ ಮೀನು ಹಿಡಿಯುವವರಲ್ಲಿ ಒಂದು ಹಳೇ ವಾದ ಇದೆ. ಸ್ಪಿನ್ನಿಂಗ್ ರೀಲ್ ತಗೋಬೇಕಾ, ಕನ್ವೆನ್ಷನಲ್ ರೀಲ್ ತಗೋಬೇಕಾ? ಜಿಗ್ ಅಂದ್ರೆ ಮೀನಿನ ಆಕಾರದ ಭಾರದ ಲೋಹದ ತುಂಡು, ಅದಕ್ಕೆ ಗಾಳ ಸಿಕ್ಕಿಸಿರ್ತಾರೆ. ದೋಣಿಯಿಂದ ನೇರ ತಳಕ್ಕೆ ಬಿಟ್ಟು, ಕೋಲನ್ನು ಜಗ್ಗಿ ಜಗ್ಗಿ ಮೇಲೆತ್ತಿದರೆ ಅದು ಗಾಯಗೊಂಡ ಮೀನಿನ ಹಾಗೆ ಒದ್ದಾಡುತ್ತೆ, ದೊಡ್ಡ ಮೀನು ಬಂದು ಬಾಯಿ ಹಾಕುತ್ತೆ. ಮೆಕ್ಯಾನಿಕಲ್ ಬ್ರಾಂಚಿನವರಿಗೆ ಇದು ಶುದ್ಧ ಡಿಸೈನ್ ಪ್ರಶ್ನೆ: ಗೇರ್, ಟಾರ್ಕ್, ಬ್ರೇಕ್. ಆದರೆ ಕೋಲು ದಾರ ಗಾಳವನ್ನೆಲ್ಲ ಶಾಸ್ತ್ರದ ಗೌರವ ಕೊಟ್ಟು ಬರೆದಿಟ್ಟ ಚಕ್ರವರ್ತಿ ಒಬ್ಬ ನಮ್ಮ ನಾಡಿನಲ್ಲೇ ಇದ್ದ. ನಮ್ಮ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆ ಅವನ ಸಾಮ್ರಾಜ್ಯದ ಒಳಗೇ ಇತ್ತು. ಅಷ್ಟೇ ಅಲ್ಲ, ಅವನ ಕಾಲದ ದೊಡ್ಡ ಪೆಟ್ಟು ಬಿದ್ದಿದ್ದೂ ಇಲ್ಲೇ. ಹಾಗಾಗಿ ಅವನನ್ನು ಹೊಗಳೋದು ನಮಗೆ ಅಷ್ಟು ಸಲೀಸಲ್ಲ.

ಸೋಮೇಶ್ವರ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ಮಗ. ಆ ಕಲ್ಯಾಣ ಅಂದ್ರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಪ್ಪ ಸಾಮಾನ್ಯ ಮನುಷ್ಯನಲ್ಲ. 1076ರಿಂದ 1126ರವರೆಗೆ, ಸರಿಯಾಗಿ ಐವತ್ತು ವರ್ಷ ಆಳಿದವನು. ಪಟ್ಟಕ್ಕೆ ಬಂದ ವರ್ಷದಿಂದ ಶಕ ವರ್ಷವನ್ನು ಪಕ್ಕಕ್ಕಿಟ್ಟು ಚಾಲುಕ್ಯ ವಿಕ್ರಮ ವರ್ಷ ಅಂತ ತನ್ನದೇ ಲೆಕ್ಕ ಶುರು ಮಾಡಿದ. ಕಾಶ್ಮೀರದಿಂದ ಬಂದ ಬಿಲ್ಹಣ ಕವಿ ಅವನ ಮೇಲೆ ವಿಕ್ರಮಾಂಕದೇವಚರಿತ ಬರೆದ. ವಿಜ್ಞಾನೇಶ್ವರನ ಮಿತಾಕ್ಷರ ಹುಟ್ಟಿದ್ದೂ ಆ ಆಸ್ಥಾನದಲ್ಲೇ. ಹಿಂದೂ ಕುಟುಂಬದ ಆಸ್ತಿ ಕಾನೂನಿನ ಬಗ್ಗೆ ಓದಿದವರಿಗೆ ಆ ಹೆಸರು ಗೊತ್ತಿರುತ್ತೆ. ಇಂಥ ಅಪ್ಪನ ನೆರಳಿನಲ್ಲಿ ಬೆಳೆದ ಹುಡುಗನಿಗೆ ಏನು ಸಿಗುತ್ತೆ? ಪುಸ್ತಕ ಸಿಗುತ್ತೆ, ಪಂಡಿತರು ಸಿಗ್ತಾರೆ, ಆನೆ ಕುದುರೆ ಬೇಟೆ ಎಲ್ಲ ಸಿಗುತ್ತೆ. ಜೊತೆಗೆ ಅಪ್ಪನಿಗೆ ಹೋಲಿಸಿ ನೋಡುವ ಕಣ್ಣುಗಳೂ ಸಿಗುತ್ತವೆ. ಜೀವನಪೂರ್ತಿ.

ಆಗ ನಮ್ಮ ಈ ನಾಲ್ಕು ತಾಲೂಕು ಹೇಗಿತ್ತು ಅಂತ ಸ್ವಲ್ಪ ಕಲ್ಪಿಸಿಕೊಳ್ಳಿ. ಹಾನಗಲ್ಲಿನ ಹೆಸರು ಶಾಸನಗಳಲ್ಲಿ ಪಾನುಂಗಲ್. ಅದರ ಸುತ್ತಲಿನ ನಾಡು ಪಾನುಂಗಲ್ ಐನೂರು. ಅದಕ್ಕೆ ಅಂಟಿಕೊಂಡೇ ಬನವಾಸಿ ಹನ್ನೆರಡು ಸಾವಿರ. ಇವೆರಡನ್ನೂ ಆಳುತ್ತಿದ್ದವರು ಹಾನಗಲ್ಲಿನ ಕದಂಬರು, ಚಾಲುಕ್ಯರ ಮಾಂಡಲಿಕರು. ಶಿಗ್ಗಾಂವಿ ತಾಲೂಕಿನ ಬಂಕಾಪುರ ಗಟ್ಟಿ ಕೋಟೆಯ ಊರು. ಸವಣೂರಿನ ಆಚೆಗಿನ ಲಕ್ಷ್ಮೇಶ್ವರ ಆಗ ಪುಲಿಗೆರೆ, ಅದೂ ಒಂದು ನಾಡಿನ ಮುಖ್ಯ ಪಟ್ಟಣ. ಹಿರೇಕೆರೂರಿನಿಂದ ನೈಋತ್ಯಕ್ಕೆ ಹೋದರೆ ಬಳ್ಳಿಗಾವಿ, ಆ ಕಾಲದ ವಿದ್ಯೆಯ ಕೇಂದ್ರ. ವರದಾ, ಧರ್ಮಾ, ಕುಮುದ್ವತಿ ಹೊಳೆಗಳ ನಾಡು ಇದು, ಊರಿಗೊಂದು ಕೆರೆ. ಹಿರೇಕೆರೂರಿನ ಹೆಸರಿನಲ್ಲೇ ಕೆರೆ ಕೂತಿದೆ. ಕೆರೆ ಇದ್ದಲ್ಲಿ ಮೀನು, ಮೀನು ಇದ್ದಲ್ಲಿ ಗಾಳ. ಇದಕ್ಕೆ ಶಾಸನದ ಸಾಕ್ಷಿ ಬೇಕಿಲ್ಲ.

1126ರಲ್ಲಿ ವಿಕ್ರಮಾದಿತ್ಯ ತೀರಿಕೊಂಡ ಮೇಲೆ ಸೋಮೇಶ್ವರ ಪಟ್ಟಕ್ಕೆ ಬಂದ. ಭೂಲೋಕಮಲ್ಲ ಅಂತ ಬಿರುದು. ಅಪ್ಪನ ಹಾಗೆ ಅವನೂ ತನ್ನ ಪಟ್ಟದಿಂದಲೇ ವರ್ಷ ಎಣಿಸೋಕೆ ಶುರು ಮಾಡಿದ, ಶಾಸನಗಳಲ್ಲಿ ಭೂಲೋಕಮಲ್ಲ ವರ್ಷ ಅಂತ ಬರುತ್ತೆ. ಇನ್ನೊಂದು ಬಿರುದು ಸರ್ವಜ್ಞ. ಇಲ್ಲಿ ನಮ್ಮ ಕಡೆಯವರಿಗೆ ಗೊಂದಲ ಆಗೋದು ಸಹಜ. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಜೊತೆ ಜನ ಸೇರಿಸಿ ಹೇಳುವ ತ್ರಿಪದಿಯ ಸರ್ವಜ್ಞ ಬೇರೆ, ಅವನು ಈ ರಾಜನಿಗಿಂತ ಶತಮಾನಗಳ ನಂತರದವನು. ಒಬ್ಬ ಅರಮನೆಯಲ್ಲಿ ಕೂತು ಎಲ್ಲ ವಿದ್ಯೆಯನ್ನೂ ಒಂದೇ ಪುಸ್ತಕಕ್ಕೆ ತುಂಬಲು ಹೊರಟ, ಇನ್ನೊಬ್ಬ ಊರೂರು ಅಲೆದು ಎಲ್ಲ ವಿದ್ಯೆಯನ್ನೂ ಮೂರೇ ಸಾಲಿಗೆ ತುಂಬಿದ. ಇಬ್ಬರನ್ನೂ ಜನ ಒಂದೇ ಹೆಸರಿನಿಂದ ಕರೆದರು.

ಪುಸ್ತಕಕ್ಕೆ ಬರೋಣ. ಮಾನಸೋಲ್ಲಾಸಕ್ಕೆ ಅಭಿಲಷಿತಾರ್ಥ ಚಿಂತಾಮಣಿ ಅನ್ನೋ ಹೆಸರೂ ಇದೆ. ಭಾಷೆ ಸಂಸ್ಕೃತ. ಕಾಲ 1129ರ ಸುಮಾರು, ಅಂದ್ರೆ ಪಟ್ಟಕ್ಕೆ ಬಂದು ಮೂರೇ ವರ್ಷ. ಗ್ರಂಥದ ರಚನೆ ನೋಡಿದರೆ ಎಂಜಿನಿಯರುಗಳಿಗೆ ಖುಷಿಯಾಗುತ್ತೆ. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ಒಳಗೆ ಸುಮಾರು 8000 ಶ್ಲೋಕ. ಮೊದಲ ಭಾಗ ರಾಜ್ಯ ಪಡೆಯುವುದು, ಎರಡನೆಯದು ಪಡೆದದ್ದನ್ನು ಗಟ್ಟಿಯಾಗಿ ಉಳಿಸಿಕೊಳ್ಳುವುದು, ಮೂರನೆಯದು ಉಪಭೋಗ, ನಾಲ್ಕನೆಯದು ವಿನೋದ, ಐದನೆಯದು ಆಟ. ಕೋಟೆ, ಖಜಾನೆ, ಸೈನ್ಯ, ಔಷಧಿ, ಆನೆ ಸಾಕಣೆ, ವಾಸ್ತು, ಚಿತ್ರಕಲೆ, ಸಂಗೀತ, ನೃತ್ಯ, ಎಲ್ಲ ಇದೆ. ಸಂಗೀತದ ಭಾಗದಲ್ಲಿ ಕನ್ನಡವೂ ಸೇರಿ ದೇಶಭಾಷೆಗಳ ಹಾಡಿಗೆ ಜಾಗ ಇದೆ. ಅಡುಗೆಯ ಭಾಗದಲ್ಲಿ ಉದ್ದಿನ ಹಿಟ್ಟಿನ ಇಡ್ಡರಿಕೆ, ದೋಸಕ, ಹುಣಸೆರಸದಲ್ಲಿ ಬೇಯಿಸಿ ಹಿಟ್ಟು ಉದುರಿಸಿ ಎಣ್ಣೆಯಲ್ಲಿ ಕರಿದ ಮೀನು. ಇಷ್ಟನ್ನೆಲ್ಲ ಒಬ್ಬನೇ ಕೂತು ಬರೆದಿರೋದು ಕಷ್ಟ. ಪಂಡಿತರು, ಮಾವುತರು, ಬಾಣಸಿಗರು, ಬೇಟೆಗಾರರು ಹೇಳಿದ್ದು ಇದರಲ್ಲಿ ಸೇರಿರಲೇಬೇಕು. ಆದರೆ ಬಾಣಸಿಗ ಹೇಳಿದ್ದನ್ನೂ ಶ್ಲೋಕ ಮಾಡಿಸಿ ಶಾಸ್ತ್ರದ ಪಕ್ಕ ಕೂರಿಸಬೇಕು ಅನ್ನೋ ಯೋಚನೆ ರಾಜನದೇ.

ವಿನೋದದ ಭಾಗದಲ್ಲಿ ಮತ್ಸ್ಯವಿನೋದ ಅನ್ನೋ ಅಧ್ಯಾಯ ಇದೆ. ಗಾಳದ ಬೇಟೆಗೆ ಮೀಸಲಾದದ್ದು. ಅದು ಶುರುವಾಗೋದು ಕೋಲಿನಿಂದಲ್ಲ, ಮೀನಿನಿಂದ. ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸಿ ವಿಂಗಡಿಸುತ್ತೆ. ಸಮುದ್ರದವು ಯಾವುವು, ಸಿಹಿನೀರಿನವು ಯಾವುವು? ಹುರುಪೆ ಇರೋದು ಯಾವುದು, ಇಲ್ಲದ್ದು ಯಾವುದು? ದೊಡ್ಡದು, ನಡುವಿನದು, ಚಿಕ್ಕದು. ಆಮೇಲೆ ಊಟ: ಹಿಟ್ಟಿನ ಉಂಡೆ ತಿನ್ನೋದು ಯಾವುದು, ಮಾಂಸ ಬೇಡೋದು ಯಾವುದು, ಯಾವುದಕ್ಕೆ ಏನು ಹಾಕಿ ಕೊಬ್ಬಿಸಬೇಕು. ಇಷ್ಟೆಲ್ಲ ಆದ ಮೇಲೆಯೇ ಕೋಲು, ದಾರ, ಗಾಳದ ಮಾತು.

ಕಲ್ಯಾಣ ಒಣ ಬಯಲುಸೀಮೆ. ಅಲ್ಲಿನ ರಾಜನಿಗೆ ಸಮುದ್ರದ ಮೀನಿನ ಪರಿಚಯ ಎಲ್ಲಿಂದ ಅಂತ ಕೇಳಬಹುದು. ಸಾಮ್ರಾಜ್ಯಕ್ಕೆ ಕಡಲ ಬಾಗಿಲು ಇತ್ತು. ಗೋವೆಯ ಕದಂಬರು ಚಾಲುಕ್ಯರ ಮಾಂಡಲಿಕರು, ಅವರ ರಾಜ ಎರಡನೇ ಜಯಕೇಶಿ ಮದುವೆಯಾಗಿದ್ದು ವಿಕ್ರಮಾದಿತ್ಯನ ಮಗಳು ಮೈಲಳದೇವಿಯನ್ನು. ಹಾಗೆ ನೋಡಿದರೆ ಕೊಂಕಣದ ಬಂದರುಗಳು ಸೋಮೇಶ್ವರನಿಗೆ ಬೀಗರ ಮನೆ ಇದ್ದಂತೆ. ನಮ್ಮ ಹಾನಗಲ್ಲಿನಿಂದಲೂ ಕಡಲು ತೀರಾ ದೂರವಲ್ಲ. ಸಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ.

ಈಗ ಯಂತ್ರದ ವಿಷಯ. ರೀಲಿಲ್ಲದ ಗಾಳದಲ್ಲಿ ದಾರದ ತುದಿಯನ್ನು ಕೋಲಿಗೇ ಕಟ್ಟಿರ್ತಾರೆ. ಎರಡು ಕೆಜಿ ಮೀನಿಗೆ ಇದು ಸಾಕು. ಇಪ್ಪತ್ತು ಕೆಜಿಯ ಮೀನು ಕಚ್ಚಿ ಓಡಿದರೆ? ದಾರ ಇರೋದೇ ಅಷ್ಟು ಉದ್ದ. ಕೋಲು ಬಾಗಬೇಕು, ಮನುಷ್ಯ ದಂಡೆ ಮೇಲೆ ಮೀನಿನ ಹಿಂದೆ ಓಡಬೇಕು, ಇಲ್ಲಾಂದ್ರೆ ಏನಾದರೂ ಮುರೀಬೇಕು. ಬಿದಿರಿನ ಕೋಲಿನ ಬಳುಕೇ ಅಲ್ಲಿ ಇರುವ ಒಂದೇ ಸ್ಪ್ರಿಂಗ್. ದಾರ ಬೇಕಾದಾಗ ಬಿಚ್ಚಿಕೊಳ್ಳಬೇಕು, ಬೇಕಾದಾಗ ಸುತ್ತಿಕೊಳ್ಳಬೇಕು. ಇಡೀ ರೀಲಿನ ಚರಿತ್ರೆ ಈ ಒಂದು ಅಗತ್ಯದಿಂದ ಹುಟ್ಟಿದ್ದು. ರೀಲು ಕಾಣಿಸುವ ಅತ್ಯಂತ ಹಳೆಯ ಚಿತ್ರ ಚೀನಾದ್ದು. 1195ರ ಸುಮಾರಿಗೆ ಮಾ ಯುಆನ್ ಅನ್ನೋ ಚಿತ್ರಕಾರ ಚಳಿಗಾಲದ ಸರೋವರದಲ್ಲಿ ಪುಟ್ಟ ದೋಣಿ ಮೇಲೆ ಒಬ್ಬನೇ ಕೂತ ಗಾಳಗಾರನನ್ನು ಬರೆದ, ಅವನ ಕೋಲಿನಲ್ಲಿ ಒಂದು ಗಾಲಿ ಇದೆ. ಸೋಮೇಶ್ವರ ಸತ್ತು ಆಗಿನ್ನೂ ಅರವತ್ತು ವರ್ಷ ಆಗಿರಲಿಲ್ಲ.

ಆ ಗಾಲಿಯ ವಂಶದಲ್ಲಿ ಎರಡು ಕವಲು. ಒಂದರ ಬೇರು ಗಡಿಯಾರದಲ್ಲಿದೆ. 1820ರ ಸುಮಾರಿಗೆ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಅನ್ನೋ ಗಡಿಯಾರ ತಯಾರಕ ರೀಲಿಗೆ ಹಲ್ಲುಗಾಲಿ ಸೇರಿಸಿದ, ಹಿಡಿಕೆ ಒಂದು ಸುತ್ತು ತಿರುಗಿದರೆ ದಾರದ ಉರುಳೆ ಹಲವು ಸುತ್ತು ತಿರುಗುವ ಹಾಗೆ. ಇವತ್ತಿನ ಕನ್ವೆನ್ಷನಲ್ ರೀಲು ಈ ಮನೆತನದ್ದು. ಇನ್ನೊಂದರ ಬೇರು ಬಟ್ಟೆ ಗಿರಣಿಯಲ್ಲಿದೆ. 1905ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಗಿರಣಿ ಮಾಲೀಕ ಇಲ್ಲಿಂಗ್‌ವರ್ತ್ ಪೇಟೆಂಟ್ ಪಡೆದ ರೀಲಿನಲ್ಲಿ ಉರುಳೆ ತಿರುಗೋದೇ ಇಲ್ಲ. ಗಿರಣಿಯ ಬಾಬಿನ್ನಿನ ತುದಿಯಿಂದ ನೂಲು ಜಾರುವಂತೆ ದಾರ ಜಾರುತ್ತೆ. ಅದೇ ಸ್ಪಿನ್ನಿಂಗ್ ರೀಲು. ಚರಕದ ಕದಿರನ್ನು ನೋಡಿದವರಿಗೆ ಇದು ಹೊಸದಲ್ಲ.

ವ್ಯತ್ಯಾಸ ತಿಳೀಬೇಕಾದರೆ ಮನೆಯಲ್ಲಿರುವ ಹೊಲಿಗೆ ದಾರದ ಉಂಡೆ ಸಾಕು. ಅದರೊಳಗೆ ಪೆನ್ಸಿಲ್ ತೂರಿಸಿ ಅಡ್ಡ ಹಿಡಿದು ದಾರ ಎಳೀರಿ. ಉಂಡೆ ತಿರುಗುತ್ತೆ, ದಾರ ನೇರ ಬರುತ್ತೆ. ಇದು ಕನ್ವೆನ್ಷನಲ್. ಜೋರಾಗಿ ಎಳೆದು ತಕ್ಷಣ ನಿಲ್ಲಿಸಿದರೆ ಉಂಡೆ ಮಾತ್ರ ತಿರುಗುತ್ತಾ ಇರುತ್ತೆ, ದಾರ ಸಡಿಲಾಗಿ ಗೋಜಲು. ಈಗ ಅದೇ ಉಂಡೆಯನ್ನು ಮೇಜಿನ ಮೇಲೆ ನಿಲ್ಲಿಸಿ ಮೇಲಿನಿಂದ ಎಳೀರಿ. ಉಂಡೆ ಅಲ್ಲಾಡೋಲ್ಲ, ದಾರ ಸುರುಳಿ ಸುರುಳಿಯಾಗಿ ಹಾರುತ್ತೆ, ಗೋಜಲಿನ ಭಯ ಕಡಿಮೆ. ಇದು ಸ್ಪಿನ್ನಿಂಗ್. ಆದರೆ ಪ್ರತಿ ಸುತ್ತಿಗೂ ದಾರಕ್ಕೆ ಒಂದು ಹುರಿ ಬೀಳುತ್ತೆ.

ಸುತ್ತುವಾಗ ನೋಡಿ. ಕನ್ವೆನ್ಷನಲ್ ರೀಲಿನಲ್ಲಿ ಹಿಡಿಕೆಯ ಅಕ್ಷ, ಉರುಳೆಯ ಅಕ್ಷ ಎರಡೂ ಸಮಾನಾಂತರ. ಬಲ ನೇರ ಹೋಗುತ್ತೆ. ಸ್ಪಿನ್ನಿಂಗ್‌ನಲ್ಲಿ ಗೇರು ಬಲವನ್ನು 90 ಡಿಗ್ರಿ ತಿರುಗಿಸಬೇಕು, ದಾರವೂ ರೋಲರಿನ ಮೇಲೆ ಅಷ್ಟೇ ಡಿಗ್ರಿ ಹೊರಳಬೇಕು. ಭಾರ ಹೆಚ್ಚಾದಂತೆ ಈ ಎರಡು ತಿರುವಿನ ನಷ್ಟವೂ ಕೈಗೆ ಗೊತ್ತಾಗುತ್ತೆ. ಹಾಗಾಗಿ 300 ಗ್ರಾಂ ಜಿಗ್ಗನ್ನು ನೂರಾರು ಮೀಟರ್ ಆಳಕ್ಕೆ ಇಳಿಸಿ ಗಂಟೆಗಟ್ಟಲೆ ಎತ್ತಿಳಿಸೋದಾದರೆ ಕನ್ವೆನ್ಷನಲ್ ವಾಸಿ. ಹೆಬ್ಬೆರಳು ಉರುಳೆ ಮೇಲಿಟ್ಟರೆ ಜಿಗ್ಗು ತಳ ಮುಟ್ಟಿದ್ದು ಬೆರಳಿಗೇ ತಿಳಿಯುತ್ತೆ. ಆದರೆ ಅದು ಕೋಲಿನ ಮೇಲೆ ಕೂರುವ ರೀಲು. ಭಾರ ಬಿದ್ದಾಗ ಕೋಲು ಮಗುಚೋಕೆ ನೋಡುತ್ತೆ, ಮುಂಗೈ ಗಟ್ಟಿ ಬೇಕು. ದಾರ ಒಂದೇ ಕಡೆ ಗುಡ್ಡೆಯಾಗದ ಹಾಗೆ ಎಡಕ್ಕೂ ಬಲಕ್ಕೂ ಬೆರಳಿನಿಂದ ಹಂಚಬೇಕು. ಸ್ಪಿನ್ನಿಂಗ್ ಕೋಲಿನ ಕೆಳಗೆ ತೂಗುತ್ತೆ, ತಾನೇ ಸಮತೋಲ. ಜಿಗ್ಗನ್ನು ದೂರ ಎಸೀಬೇಕು, ಕಡಿಮೆ ಆಳ, ವೇಗವಾಗಿ ಸುತ್ತಬೇಕು, ಕಲಿಯುವವನು ಹೊಸಬ ಅಂದ್ರೆ ಅದೇ ಸರಿ.

ಎರಡರಲ್ಲೂ ಹೃದಯ ಅಂದ್ರೆ ಡ್ರ್ಯಾಗ್. ನಮ್ಮ ಬೈಕಿನ ಕ್ಲಚ್ ಪ್ಲೇಟಿನ ಹಾಗೆ ಒತ್ತಿ ಕೂರಿಸಿದ ಬಿಲ್ಲೆಗಳು. ಎಳೆತ ಒಂದು ಮಿತಿ ದಾಟಿದರೆ ಉರುಳೆ ಜಾರಿ ದಾರ ಬಿಡುತ್ತೆ. ದಾರ ಹರಿಯೋ ಮೊದಲೇ ಬಿಡಬೇಕು, ಆದರೆ ಪುಕ್ಕಟೆ ಬಿಡಬಾರದು, ಪ್ರತಿ ಮೀಟರಿಗೂ ಮೀನು ದಣೀಬೇಕು. ಇದರಲ್ಲಿ ಒಂದು ಹುಷಾರಿನ ಮಾತು ಇದೆ. ಬಿಲ್ಲೆಗಳು ಕೊಡೋದು ಹೆಚ್ಚುಕಮ್ಮಿ ಸ್ಥಿರ ಟಾರ್ಕ್. ಎಳೆತ ಅಂದ್ರೆ ಆ ಟಾರ್ಕನ್ನು ಉರುಳೆಯ ತ್ರಿಜ್ಯದಿಂದ ಭಾಗಿಸಿದ್ದು. ತುಂಬಿದ ಉರುಳೆಯ ತ್ರಿಜ್ಯ 3 ಸೆಂಮೀ ಇದ್ದಾಗ 6 ಕೆಜಿಗೆ ಬಿಗಿ ಮಾಡಿದ್ದೀರಿ ಅಂದುಕೊಳ್ಳಿ. ಮೀನು ಓಡಿ ಓಡಿ ದಾರ ಖಾಲಿಯಾಗಿ ತ್ರಿಜ್ಯ 2 ಸೆಂಮೀಗೆ ಬಂದರೆ ಎಳೆತ 9 ಕೆಜಿ. ನೀವು ಏನನ್ನೂ ಮುಟ್ಟಿಲ್ಲ, ಆದರೂ ದಾರ ಹರಿಯುತ್ತೆ. ದೂರ ಹೋದಷ್ಟೂ ಬಿಗಿ ತಾನಾಗೇ ಏರುತ್ತೆ, ಗೊತ್ತಿದ್ದವನು ಆಗ ಕೈಯಾರೆ ಸಡಿಲ ಮಾಡ್ತಾನೆ.

ಈ ಮಾತನ್ನು ಇಟ್ಟುಕೊಂಡೇ ಸೋಮೇಶ್ವರನ ರಾಜ್ಯಕ್ಕೆ ವಾಪಸ್ ಹೋಗೋಣ. ಅವನ ಕೈಗೆ ಬಂದ ಸಾಮ್ರಾಜ್ಯದಲ್ಲಿ ಬಲವಾದ ಮಾಂಡಲಿಕರು ಬಹಳ ಜನ. ಎಲ್ಲರಿಗಿಂತ ಬಲವಾದವನು ದೋರಸಮುದ್ರದ ಹೊಯ್ಸಳ ವಿಷ್ಣುವರ್ಧನ. ವಿಕ್ರಮಾದಿತ್ಯ ಬದುಕಿದ್ದಾಗಲೇ ಅವನು ಒಮ್ಮೆ ತಿರುಗಿಬಿದ್ದಿದ್ದ, ಸಿಂದ ದೊರೆ ಆಚುಗಿಯನ್ನು ಕಳಿಸಿ ಅವನನ್ನು ಹಿಂದಕ್ಕೆ ಅಟ್ಟಬೇಕಾಯಿತು. ಮಗನ ಕಾಲಕ್ಕೆ ವಿಷ್ಣುವರ್ಧನ ಮತ್ತೆ ಎದ್ದ. 1130ರ ದಶಕದಲ್ಲಿ ಉತ್ತರಕ್ಕೆ ನುಗ್ಗಿ ಬನವಾಸಿ ನಾಡಿಗೆ ಕೈ ಹಾಕಿದ, ಹಾನಗಲ್ಲನ್ನು ಹಿಡಿದ. ಅವನ ಬಿರುದುಗಳ ಸಾಲಿನಲ್ಲಿ ತಲಕಾಡು, ಕೊಂಗು, ನಂಗಲಿ, ಗಂಗವಾಡಿ, ನೊಳಂಬವಾಡಿ, ಬನವಾಸಿ ಜೊತೆ ಹಾನುಂಗಲ್ ಗೊಂಡವನು ಅಂತ ಸೇರಿಕೊಂಡಿತು. ಗೊಂಡ ಅಂದ್ರೆ ವಶ ಮಾಡಿಕೊಂಡ. ಬಂಕಾಪುರದಲ್ಲಿ ಬೀಡು ಬಿಟ್ಟು ಆಳಿದ ಅಂತಲೂ ಶಾಸನಗಳಿವೆ. ಪೂರ್ವದಲ್ಲಿ ವಿಕ್ರಮಾದಿತ್ಯ ಗೆದ್ದಿಟ್ಟಿದ್ದ ವೇಂಗಿ ನಾಡೂ ಇದೇ ಹೊತ್ತಿಗೆ ಚೋಳರ ಕಡೆ ಜಾರಿತು.

ಚರಿತ್ರೆ ಪುಸ್ತಕಗಳು ಇದನ್ನು ನೋಡಿ ಸೋಮೇಶ್ವರನಿಗೆ ಶಾಂತಿಪ್ರಿಯ, ವಿದ್ಯಾವಂತ, ಆದರೆ ಅಪ್ಪನಷ್ಟು ಗಟ್ಟಿಗನಲ್ಲ ಅಂತ ಮಾರ್ಕ್ಸ್ ಹಾಕುತ್ತವೆ. ಪುಸ್ತಕ ಬರೆಯುತ್ತಾ ಕೂತ, ರಾಜ್ಯ ಕಳೆದುಕೊಂಡ ಅನ್ನೋ ಅರ್ಥದಲ್ಲಿ. ನಮಗೆ ಇದು ಅರ್ಧ ಸರಿ ಅನ್ನಿಸುತ್ತೆ. ಯಾಕಂದ್ರೆ ವಿಷ್ಣುವರ್ಧನ ಅಷ್ಟೆಲ್ಲ ಗೆದ್ದರೂ ಕೊನೆಯವರೆಗೂ ತನ್ನನ್ನು ಮಹಾಮಂಡಲೇಶ್ವರ ಅಂತಲೇ ಕರೆದುಕೊಂಡ. ಅಂದ್ರೆ ಹೆಸರಿಗಾದರೂ ಚಾಲುಕ್ಯರ ಕೆಳಗಿನವನು. ಮೀನು ಎಷ್ಟೇ ಓಡಿದರೂ ದಾರ ಹರಿದಿರಲಿಲ್ಲ. ಹೊಯ್ಸಳರು ಪೂರ್ತಿ ಸ್ವತಂತ್ರರಾಗಿದ್ದು 1190ರ ದಶಕದಲ್ಲಿ, ವಿಷ್ಣುವರ್ಧನನ ಮೊಮ್ಮಗ ವೀರಬಲ್ಲಾಳನ ಕಾಲಕ್ಕೆ. ದೂರದ ಮಾಂಡಲಿಕನನ್ನು ಇನ್ನೂ ಬಿಗಿಯಾಗಿ ಜಗ್ಗಿದ್ದರೆ ಸೋಮೇಶ್ವರನ ಕಾಲದಲ್ಲೇ ಆ ದಾರ ಹರೀತಿತ್ತೋ ಏನೋ.

ಆದರೆ ಇನ್ನರ್ಧ ನಮ್ಮ ಊರುಗಳ ಲೆಕ್ಕ. ಕಲ್ಯಾಣದಲ್ಲಿ ಕೂತವನು ಸ್ವಲ್ಪ ದಾರ ಬಿಟ್ಟಾಗ ಆ ದಾರ ಹಾದುಹೋಗಿದ್ದು ಹಾನಗಲ್ಲಿನ ಕೋಟೆ, ಬಂಕಾಪುರದ ಬಾಗಿಲು, ವರದಾ ದಂಡೆಯ ಹೊಲಗಳ ಮೇಲೆ. ಬಿಟ್ಟವನಿಗೆ ಅದು ರಾಜನೀತಿ, ಇಲ್ಲಿ ಇದ್ದವರಿಗೆ ಮುತ್ತಿಗೆ. ಹಾನಗಲ್ಲು, ಹಿರೇಕೆರೂರು ಕಡೆಯ ಊರುಗಳಲ್ಲಿ ಗುಡಿ ಮುಂದೆ, ಕೆರೆ ಏರಿ ಮೇಲೆ ನಿಂತ ವೀರಗಲ್ಲುಗಳನ್ನು ನಾವೆಲ್ಲ ನೋಡಿದ್ದೀವಿ. ಬೇರೆ ಬೇರೆ ಶತಮಾನದ ಬೇರೆ ಬೇರೆ ಜಗಳದಲ್ಲಿ ಸತ್ತವರ ಕಲ್ಲುಗಳು ಅವು. 1196ರಲ್ಲಿ, ಅಂದ್ರೆ ಮಾ ಯುಆನ್ ಆ ಚಿತ್ರ ಬರೆದ ಆಸುಪಾಸಿನಲ್ಲೇ, ವೀರಬಲ್ಲಾಳ ಮತ್ತೆ ಹಾನಗಲ್ಲಿಗೆ ಮುತ್ತಿಗೆ ಹಾಕಿ ಆನೆಕೆರೆಯ ಹತ್ತಿರ ಪಾಳೆಯ ಬಿಟ್ಟ. ಹೊಯ್ಸಳರೂ ಚಾಲುಕ್ಯರೂ ಜಗ್ಗಾಡಿದಾಗಲೆಲ್ಲ ನಡುವೆ ಸಿಕ್ಕಿದ್ದು ಈ ಊರು. ಹಾಗಾಗಿ ಸೋಮೇಶ್ವರನ ಸಡಿಲಿಕೆಯನ್ನು ಜಾಣತನ ಅಂತ ಮಾತ್ರ ಕರೆಯೋಕೆ ನಮ್ಮ ಕಡೆಯವರಿಗೆ ಬಾಯಿ ಬರೋಲ್ಲ.

1138ರಲ್ಲಿ ಸೋಮೇಶ್ವರ ತೀರಿಕೊಂಡ. ಆಳಿದ್ದು ಹನ್ನೆರಡೇ ವರ್ಷ. ಅಪ್ಪನ ಜೀವನಚರಿತ್ರೆಯನ್ನು ವಿಕ್ರಮಾಂಕಾಭ್ಯುದಯ ಅನ್ನೋ ಹೆಸರಿನಲ್ಲಿ ಅವನು ಬರೆಯಲು ಕೈ ಹಾಕಿದ್ದ, ನಮಗೆ ಸಿಕ್ಕಿರುವುದು ಅಪೂರ್ಣ. ಲೋಕದ ನೂರು ವಿಷಯದ ಮೇಲೆ ಬರೆದು ಮುಗಿಸಿದವನ ಹೆಸರಿನಲ್ಲಿ ಸ್ವಂತ ಅಪ್ಪನ ಕಥೆ ಮಾತ್ರ ಅರ್ಧಕ್ಕೇ ನಿಂತಿದೆ. ಅವನ ನಂತರ ಎರಡನೇ ಜಗದೇಕಮಲ್ಲ, ಆಮೇಲೆ ಮೂರನೇ ತೈಲಪ. ತೈಲಪನ ಕಾಲದಲ್ಲೇ ಕಳಚುರಿ ಬಿಜ್ಜಳ ಕಲ್ಯಾಣವನ್ನು ಕಿತ್ತುಕೊಂಡ. ಬಸವಣ್ಣನ ಕಥೆಯಲ್ಲಿ ಬರುವ ಬಿಜ್ಜಳ ಅವನೇ. ಶತಮಾನ ಮುಗಿಯುವ ಹೊತ್ತಿಗೆ ಚಾಲುಕ್ಯ ಸಾಮ್ರಾಜ್ಯವೇ ಮುಗಿದಿತ್ತು.

ಪುಸ್ತಕ ಉಳಿಯಿತು. ಕೈಯಿಂದ ಕೈಗೆ ಪ್ರತಿಯಾಗುತ್ತಾ ಎಂಟು ಶತಮಾನ ದಾಟಿತು. ಬರೋಡಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆ ಅದನ್ನು 1925, 1939, 1961ರಲ್ಲಿ ಮೂರು ಸಂಪುಟವಾಗಿ ಅಚ್ಚು ಹಾಕಿತು. ಮೈಸೂರಿನಿಂದ 1926ರಲ್ಲಿ ಅಭಿಲಷಿತಾರ್ಥ ಚಿಂತಾಮಣಿಯ ಹೆಸರಿನಲ್ಲಿ ಮೊದಲ ಭಾಗ ಬಂತು. 1951ರಲ್ಲಿ ಸುಂದರ್ ಲಾಲ್ ಹೋರಾ ಅನ್ನೋ ದೊಡ್ಡ ಮೀನುಶಾಸ್ತ್ರಜ್ಞರು ಮತ್ಸ್ಯವಿನೋದದ ಮೇಲೆ ಪ್ರತ್ಯೇಕ ಲೇಖನವನ್ನೇ ಪ್ರಕಟಿಸಿದರು. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದವರು ಅವರು. ಬದುಕಿರುವ ಮೀನನ್ನು ವರ್ಗೀಕರಿಸುವ ವಿಜ್ಞಾನಿಯೊಬ್ಬರು 800 ವರ್ಷ ಹಿಂದಿನ ರಾಜನ ವರ್ಗೀಕರಣವನ್ನು ಮೇಜಿನ ಮೇಲಿಟ್ಟುಕೊಂಡು ತಾಳೆ ನೋಡಿದರು.

ಹಾಗಾದರೆ ಸ್ಪಿನ್ನಿಂಗೋ ಕನ್ವೆನ್ಷನಲ್ಲೋ? ಮತ್ಸ್ಯವಿನೋದದ ಅಧ್ಯಾಯದಿಂದ ನಾವು ಎತ್ತಿಕೊಂಡಿದ್ದು ಪ್ರಶ್ನೆಗಳ ಕ್ರಮ. ಮೊದಲು ಯಾವ ಮೀನು, ಎಷ್ಟು ದೊಡ್ಡದು, ಯಾವ ನೀರಿನದು, ಏನು ತಿನ್ನುತ್ತೆ. ಕೋಲು, ದಾರ ಕೊನೆಗೆ. ನಾವು ಅಂಗಡಿಯಲ್ಲಿ ಮಾಡೋದು ಇದಕ್ಕೆ ಉಲ್ಟಾ. ಮೊದಲು ಬ್ರ್ಯಾಂಡ್, ಆಮೇಲೆ ಗೇರ್ ರೇಷಿಯೋ, ಕೊನೆಗೆ ಇದರಲ್ಲಿ ಯಾವ ಮೀನು ಹಿಡೀಬಹುದು ಅಂತ ಯೋಚನೆ. ಪ್ರಾಜೆಕ್ಟಿನಲ್ಲೂ ಅಷ್ಟೇ ಅಲ್ವಾ? ಬೋರ್ಡು, ಸೆನ್ಸರು ಕೊಂಡ ಮೇಲೆ ಅದಕ್ಕೊಂದು ಸಮಸ್ಯೆ ಹುಡುಕ್ತೀವಿ. ಕುಮಟಾ ಕಡೆ ದೋಣಿಯಿಂದ ಹತ್ತಿರದ ನೀರಿನಲ್ಲಿ ಹಗುರ ಜಿಗ್ ಎಸೆದು ವೇಗವಾಗಿ ಎಳೆದು ಇಸ್ವಾಣ ಹಿಡಿಯೋ ಆಸೆ ಇದ್ದವರು ಸ್ಪಿನ್ನಿಂಗ್ ತಗೊಳ್ಳಿ. ನೂರು ಮೀಟರಿಗಿಂತ ಆಳದ ತಳದಿಂದ ಭಾರದ ಮೀನನ್ನು ಎತ್ತಬೇಕು ಅನ್ನೋರು ಕನ್ವೆನ್ಷನಲ್ ತಗೊಂಡು, ಹೆಬ್ಬೆರಳಿನ ಅಭ್ಯಾಸವನ್ನು ಮೊದಲು ದಂಡೆ ಮೇಲೆ ಮಾಡಿ. ಯಾವುದೇ ತಗೊಂಡರೂ ಡ್ರ್ಯಾಗನ್ನು ಉರುಳೆ ತುಂಬಿದ್ದಾಗ ಮಾತ್ರ ಪರೀಕ್ಷಿಸಿ ಬಿಡಬೇಡಿ. ಅರ್ಧ ದಾರ ಬಿಚ್ಚಿ ಇನ್ನೊಮ್ಮೆ ಎಳೆದು ನೋಡಿ.

ಸೋಮೇಶ್ವರನ ಹೆಸರಿನಲ್ಲಿ ಹಾನಗಲ್ಲಿನಲ್ಲಿ ಒಂದು ವೃತ್ತವೂ ಇಲ್ಲ, ಇರಬೇಕು ಅಂತ ನಮ್ಮ ಹಟವೂ ಅಲ್ಲ. ಆದರೆ ಈ ನಾಲ್ಕು ತಾಲೂಕಿನ ಕೆರೆಗಳಲ್ಲಿ ಇವತ್ತೂ ಯಾವ ಮೀನು ಯಾವ ತಿಂಗಳು ಏನು ತಿನ್ನುತ್ತೆ, ಯಾವ ಗಾಳಕ್ಕೆ ಬೀಳುತ್ತೆ ಅಂತ ತಲೆಯಲ್ಲೇ ಇಟ್ಟುಕೊಂಡ ಹಿರಿಯರು ಇದ್ದಾರೆ. ಅವರು ಹೇಳೋದನ್ನು ಬರೆದುಕೊಳ್ಳುವ ರಾಜ ಈಗ ಇಲ್ಲ. ನಮ್ಮ ಹತ್ತಿರ ಫೋನು ಇದೆ, ಕನ್ನಡ ಕೀಬೋರ್ಡ್ ಇದೆ, ಈ ಪತ್ರಿಕೆ ಇದೆ. ರಜೆಗೆ ಊರಿಗೆ ಹೋದವರು ಒಬ್ಬೊಬ್ಬರು ಒಂದೊಂದು ಕೆರೆಯ ಮೀನುಗಳ ಹೆಸರು ಬರೆದು ತಂದರೂ ಸಾಕು. ಮುಂದಿನ ಸಂಚಿಕೆಯಲ್ಲಿ ಪಟ್ಟಿ ಹಾಕೋಣ. 35 ದಾಟುತ್ತೋ ಇಲ್ಲವೋ ನೋಡೋಣ.